ಮೈಕೆಲ್ ಬ್ಯೂನೊಕೋರ್

ಮೈಕೆಲ್ ಬ್ಯೂನೊಕೋರ್ (1918–1981) ಅಮೆರಿಕದ ದಂತವಿಜ್ಞಾನಿ. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ನಗರದ ಈಸ್ಟ್‌ಮನ್ ದಂತ ಸಂಸ್ಥೆಯಲ್ಲಿ ಸಂಶೋಧನೆ ನಡೆಸಿದ ಇವರು, ಹಲ್ಲಿನ ಹೊರಕವಚವನ್ನು ಆಮ್ಲದಿಂದ ಸಂಸ್ಕರಿಸಿ ಅದಕ್ಕೆ ರಾಳವನ್ನು ಭದ್ರವಾಗಿ ಅಂಟಿಸುವ ವಿಧಾನವನ್ನು 1955ರಲ್ಲಿ ಪ್ರಕಟಿಸಿದರು. ಮುಂದೆ ದವಡೆ ಹಲ್ಲುಗಳ ಸೀಳುಗಳನ್ನು ರಾಳದ ತೆಳುಲೇಪದಿಂದ ಮುಚ್ಚಿ ಹುಳುಕನ್ನು ತಡೆಯುವ ಚಿಕಿತ್ಸೆಯನ್ನು ಸಹೋದ್ಯೋಗಿಗಳೊಡನೆ ರೂಪಿಸಿದರು. ಆ ರಾಳವನ್ನು ಬಾಯಿಯೊಳಗೇ ಅತಿನೇರಳೆ ಬೆಳಕಿನಿಂದ ಗಟ್ಟಿಗೊಳಿಸುವ ಪದ್ಧತಿಯ ಫಲಿತಾಂಶಗಳನ್ನು 1970ರಲ್ಲಿ ವರದಿ ಮಾಡಿದರು. ಇಂದು ದಂತಚಿಕಿತ್ಸಾಲಯಗಳಲ್ಲಿ ಬಳಕೆಯಲ್ಲಿರುವ, ನೀಲಿ ಬೆಳಕಿನಿಂದ ಗಟ್ಟಿಯಾಗುವ ಹಲ್ಲಿನ ಬಣ್ಣದ ತುಂಬುವಿಕೆಗಳಿಗೆ ಈ ಎರಡು ಕೆಲಸಗಳೂ ಅಡಿಪಾಯವಾಗಿವೆ. ಇವರನ್ನು ಅಂಟುದಂತವೈದ್ಯಕೀಯದ ಜನಕ ಎಂದು ಗುರುತಿಸಲಾಗುತ್ತದೆ.

ಹಿನ್ನೆಲೆ

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಹುಳುಕು ಹಲ್ಲಿನ ಚಿಕಿತ್ಸೆಯೆಂದರೆ ಮುಖ್ಯವಾಗಿ ಕೊರೆಯುವ ಕೆಲಸವೇ ಆಗಿತ್ತು. ಅಮೆರಿಕದ ದಂತವೈದ್ಯ ಜಿ. ವಿ. ಬ್ಲ್ಯಾಕ್ (1836–1915) ಅವರು ಕುಳಿಗಳ ಆಕಾರಕ್ಕೆ ನಿಶ್ಚಿತ ನಿಯಮಗಳನ್ನು ರೂಪಿಸಿದ್ದರು. ಪಾದರಸ ಮತ್ತು ಬೆಳ್ಳಿಯ ಮಿಶ್ರಲೋಹವಾದ ಅಮಾಲ್ಗಮ್ ಹಲ್ಲಿಗೆ ಅಂಟುವುದಿಲ್ಲ. ಅದು ಜಾರಿ ಬೀಳದಂತೆ ನಿಲ್ಲಬೇಕಾದರೆ ಕುಳಿಯ ಬಾಯಿ ಕಿರಿದಾಗಿಯೂ ಒಳಭಾಗ ಅಗಲವಾಗಿಯೂ ಇರಬೇಕಾಗುತ್ತಿತ್ತು. ಹೀಗಾಗಿ ಕೆಟ್ಟ ಭಾಗದ ಜೊತೆಗೆ ಗಟ್ಟಿಯಾದ ಒಳ್ಳೆಯ ಭಾಗವನ್ನೂ ಕತ್ತರಿಸುವುದು ಅನಿವಾರ್ಯವಾಗಿತ್ತು. ಮುಂದೆ ಹುಳುಕು ತಗಲಬಹುದಾದ ಪಕ್ಕದ ಸೀಳುಗಳನ್ನೂ ಮುನ್ನೆಚ್ಚರಿಕೆಯಾಗಿ ಕೊರೆದು ತುಂಬುವ ರೂಢಿ ಇತ್ತು. 1920ರ ದಶಕದಲ್ಲಿ ಥ್ಯಾಡಿಯಸ್ ಹಯಾಟ್ ಎಂಬ ದಂತವೈದ್ಯರು, ಹುಳುಕು ಕಾಣಿಸಿಕೊಳ್ಳುವ ಮೊದಲೇ ಮಕ್ಕಳ ದವಡೆ ಹಲ್ಲುಗಳ ಸೀಳುಗಳನ್ನು ಕೊರೆದು ತುಂಬಬೇಕೆಂದು ಸಲಹೆ ಮಾಡಿದ್ದರು. ಒಮ್ಮೆ ಕೊರೆದ ಹಲ್ಲು ಮತ್ತೆ ಬೆಳೆಯುವುದಿಲ್ಲ. ತುಂಬಿದ್ದು ಸವೆದಾಗ ಅದನ್ನು ತೆಗೆದು ಇನ್ನಷ್ಟು ದೊಡ್ಡದಾಗಿ ತುಂಬಬೇಕಾಗುತ್ತಿತ್ತು. ಹೀಗೆ ಬಾಲ್ಯದ ಒಂದು ಸಣ್ಣ ಕುಳಿ ಪ್ರೌಢ ವಯಸ್ಸಿನಲ್ಲಿ ಹಲ್ಲನ್ನೇ ಕಳೆದುಕೊಳ್ಳುವುದರಲ್ಲಿ ಮುಗಿಯುವುದು ಅಪರೂಪವಾಗಿರಲಿಲ್ಲ.

ಮುಂಭಾಗದ ಹಲ್ಲುಗಳಿಗೆ ಅಮಾಲ್ಗಮ್ ಕಪ್ಪಾಗಿ ಕಾಣುತ್ತಿದ್ದುದರಿಂದ ಸಿಲಿಕೇಟ್ ಸಿಮೆಂಟನ್ನು ಬಳಸುತ್ತಿದ್ದರು. ಅದು ಲಾಲಾರಸದಲ್ಲಿ ಕ್ರಮೇಣ ಕರಗುತ್ತಿತ್ತು. ಎರಡನೆಯ ಮಹಾಯುದ್ಧದ ಅವಧಿಯಲ್ಲಿ ಜರ್ಮನಿಯಲ್ಲಿ, ಬಾಯಿಯ ಉಷ್ಣತೆಯಲ್ಲೇ ಗಟ್ಟಿಯಾಗುವ ಅಕ್ರಿಲಿಕ್ ರಾಳ ಸಿದ್ಧವಾಯಿತು. ಯುದ್ಧಾನಂತರ ಅದು ಅಮೆರಿಕದಲ್ಲೂ ಬಳಕೆಗೆ ಬಂತು. ಈ ರಾಳದ ಬಣ್ಣ ಹಲ್ಲಿನ ಬಣ್ಣವನ್ನು ಹೋಲುತ್ತಿದ್ದರೂ ಗುಣದಲ್ಲಿ ದೊಡ್ಡ ಕೊರತೆಯೊಂದಿತ್ತು.

ರಾಳ ಗಟ್ಟಿಯಾಗುವ ಕ್ರಿಯೆಗೆ ಪಾಲಿಮರೀಕರಣ ಎಂದು ಹೆಸರು. ಮಾನೊಮರ್ ಎಂಬ ಚಿಕ್ಕ ಅಣುಗಳು ಒಂದಕ್ಕೊಂದು ಕೊಂಡಿಯಾಗಿ ಸೇರಿ ಉದ್ದನೆಯ ಸರಪಳಿಗಳಾಗುವುದೇ ಈ ಕ್ರಿಯೆ. ಬಿಡಿಯಾಗಿ ಓಡಾಡುತ್ತಿದ್ದ ಅಣುಗಳು ಕೈ ಹಿಡಿದು ನಿಂತಾಗ ಅವುಗಳ ನಡುವಿನ ಅಂತರ ಕಡಿಮೆಯಾಗಿ ವಸ್ತು ಕುಗ್ಗುತ್ತದೆ. ಅಕ್ರಿಲಿಕ್ ರಾಳದ ಮೂಲದ್ರವವಾದ ಮೀಥೈಲ್ ಮೆಥಾಕ್ರಿಲೇಟ್ ಪಾಲಿಮರೀಕರಣದಲ್ಲಿ ಗಾತ್ರದಲ್ಲಿ ಸುಮಾರು ಶೇಕಡ 21ರಷ್ಟು ಕುಗ್ಗುತ್ತದೆ. ಮೊದಲೇ ಗಟ್ಟಿಯಾದ ಪುಡಿಯನ್ನು ಬೆರೆಸಿ ಈ ಕುಗ್ಗುವಿಕೆಯನ್ನು ತಗ್ಗಿಸುತ್ತಿದ್ದರೂ ಅದು ಪೂರ್ತಿಯಾಗಿ ನಿಲ್ಲುತ್ತಿರಲಿಲ್ಲ. ಬಿಸಿ ಮತ್ತು ತಂಪು ಪದಾರ್ಥಗಳನ್ನು ಸೇವಿಸಿದಾಗ ಈ ರಾಳ ಹಲ್ಲಿಗಿಂತ ಹಲವು ಪಟ್ಟು ಹೆಚ್ಚು ಹಿಗ್ಗಿ ಕುಗ್ಗುತ್ತಿತ್ತು. ಪರಿಣಾಮವಾಗಿ ರಾಳಕ್ಕೂ ಹಲ್ಲಿಗೂ ನಡುವೆ ಕೂದಲೆಳೆಯಷ್ಟು ಬಿರುಕು ಮೂಡಿ, ಅದರೊಳಗೆ ಲಾಲಾರಸವೂ ಸೂಕ್ಷ್ಮಜೀವಿಗಳೂ ಇಳಿದು ಹೊಸ ಹುಳುಕು ಆರಂಭವಾಗುತ್ತಿತ್ತು. ರಾಳವನ್ನು ಹಲ್ಲಿಗೆ ನಿಜವಾಗಿ ಅಂಟಿಸುವುದು ಹೇಗೆಂಬ ಪ್ರಶ್ನೆಯನ್ನು ಬ್ಯೂನೊಕೋರ್ ಕೈಗೆತ್ತಿಕೊಂಡದ್ದು ಈ ಸನ್ನಿವೇಶದಲ್ಲಿ.

ಈಸ್ಟ್‌ಮನ್ ಸಂಸ್ಥೆ

ಬ್ಯೂನೊಕೋರ್ ಅವರ ಮುಖ್ಯ ಸಂಶೋಧನೆಗಳೆಲ್ಲ ರಾಚೆಸ್ಟರ್ ನಗರದಲ್ಲೇ ನಡೆದವು. ಕೊಡಾಕ್ ಛಾಯಾಗ್ರಹಣ ಕಂಪನಿಯ ಸ್ಥಾಪಕರಾದ ಜಾರ್ಜ್ ಈಸ್ಟ್‌ಮನ್ ಅವರ ಕೊಡುಗೆಯಿಂದ ಬಡಮಕ್ಕಳ ದಂತಚಿಕಿತ್ಸೆಗಾಗಿ ಅಲ್ಲಿ ಒಂದು ದಂತ ಔಷಧಾಲಯ ನಿರ್ಮಾಣವಾಗಿ 1917ರಲ್ಲಿ ಕಾರ್ಯಾರಂಭ ಮಾಡಿತ್ತು. ಅಲ್ಲಿ ಕ್ರಮೇಣ ಸಂಶೋಧನೆಯೂ ಬೆಳೆಯಿತು. ಫ್ಲೋರೈಡ್ ಲೇಪನದ ಅಧ್ಯಯನಗಳಿಂದ ಹೆಸರಾದ ಬೇಸಿಲ್ ಬಿಬ್ಬಿ 1947ರಲ್ಲಿ ಅದರ ನಿರ್ದೇಶಕರಾದರು. 1960ರ ದಶಕದಲ್ಲಿ ಸಂಸ್ಥೆಗೆ ಈಸ್ಟ್‌ಮನ್ ದಂತ ಕೇಂದ್ರ ಎಂಬ ಹೆಸರು ಬಂತು. ಮಕ್ಕಳ ಹಲ್ಲುಗಳನ್ನು ದಿನನಿತ್ಯ ಪರೀಕ್ಷಿಸುವ ಚಿಕಿತ್ಸಾಲಯವೂ ಪ್ರಯೋಗಾಲಯವೂ ಒಂದೇ ಸೂರಿನಡಿ ಇದ್ದುದು ಬ್ಯೂನೊಕೋರ್ ಅವರ ಕೆಲಸಕ್ಕೆ ಅನುಕೂಲವಾಯಿತು. ಹಲ್ಲು ಹಾಳಾದ ಮೇಲೆ ದುರಸ್ತಿ ಮಾಡುವುದಕ್ಕಿಂತ ಹಾಳಾಗದಂತೆ ತಡೆಯುವುದು ಆ ಸಂಸ್ಥೆಯ ಸಂಶೋಧನೆಯ ಒಲವಾಗಿತ್ತು.

ಆಮ್ಲ ಸಂಸ್ಕರಣೆ: 1955

ಹಲ್ಲಿನ ಹೊರಕವಚವಾದ ಎನಾಮೆಲ್ ಮಾನವ ದೇಹದ ಅತ್ಯಂತ ಗಟ್ಟಿಯಾದ ವಸ್ತು. ತೂಕದಲ್ಲಿ ಅದರ ಸುಮಾರು ಶೇಕಡ 96 ಭಾಗ ಖನಿಜವೇ ಆಗಿದೆ. ಅದರ ಮೇಲ್ಮೈ ನಯವಾಗಿರುತ್ತದೆ, ಸದಾ ಲಾಲಾರಸದ ತೆಳುಪದರದಿಂದ ಆವೃತವಾಗಿರುತ್ತದೆ. ಇಂತಹ ಮೇಲ್ಮೈಗೆ ಯಾವ ಅಂಟೂ ಸುಲಭವಾಗಿ ಹಿಡಿಯುವುದಿಲ್ಲ. ಅಂದಿನ ಸಂಶೋಧಕರಲ್ಲಿ ಹಲವರು ಹಲ್ಲಿಗೆ ಅಂಟಬಲ್ಲ ಹೊಸ ರಾಳವನ್ನು ಹುಡುಕುತ್ತಿದ್ದರು. ಬ್ಯೂನೊಕೋರ್ ಪ್ರಶ್ನೆಯನ್ನು ಇನ್ನೊಂದು ಕಡೆಯಿಂದ ನೋಡಿದರು: ರಾಳವನ್ನು ಬದಲಿಸುವ ಬದಲು ಹಲ್ಲಿನ ಮೇಲ್ಮೈಯನ್ನೇ ಬದಲಿಸಲು ಸಾಧ್ಯವೇ ಎಂಬುದು ಅವರ ಯೋಚನೆಯಾಗಿತ್ತು. ಕೈಗಾರಿಕೆಗಳಲ್ಲಿ ಲೋಹದ ತಗಡುಗಳಿಗೆ ಬಣ್ಣ ಮತ್ತು ರಾಳದ ಲೇಪ ಚೆನ್ನಾಗಿ ಹಿಡಿಯಲೆಂದು ಮೊದಲು ಫಾಸ್ಫಾರಿಕ್ ಆಮ್ಲದಿಂದ ಸಂಸ್ಕರಿಸುವ ಪದ್ಧತಿಯಿತ್ತು. ಇದೇ ಉಪಾಯವನ್ನು ಅವರು ಹಲ್ಲಿಗೆ ಅನ್ವಯಿಸಿದರು.

ಅವರು ಎನಾಮೆಲನ್ನು ಶೇಕಡ 85ರ ಫಾಸ್ಫಾರಿಕ್ ಆಮ್ಲದಿಂದ 30 ಸೆಕೆಂಡುಗಳ ಕಾಲ ಸಂಸ್ಕರಿಸಿ, ತೊಳೆದು, ಒಣಗಿಸಿ, ಅದರ ಮೇಲೆ ಅಕ್ರಿಲಿಕ್ ರಾಳದ ಹನಿಯನ್ನಿಟ್ಟರು. ಪ್ರಯೋಗಕ್ಕೆ ಒಪ್ಪಿದ ವ್ಯಕ್ತಿಗಳ ಮುಂಭಾಗದ ಹಲ್ಲುಗಳ ಮೇಲೆ ಈ ಹನಿಗಳು ಎಷ್ಟು ಕಾಲ ಅಂಟಿಕೊಂಡಿರುತ್ತವೆ ಎಂಬುದನ್ನು ಲೆಕ್ಕವಿಟ್ಟರು. ಸಂಸ್ಕರಿಸದ ಹಲ್ಲಿನ ಮೇಲಿನ ಹನಿಗಳು ಗಂಟೆಗಳ ಲೆಕ್ಕದಲ್ಲಿ ಕಳಚಿ ಬಿದ್ದವು. ಸಂಸ್ಕರಿಸಿದ ಹಲ್ಲಿನ ಮೇಲಿನವು ವಾರಗಟ್ಟಲೆ ನಿಂತವು. ಆಮ್ಲವು ಮೇಲ್ಮೈಯ ಅತ್ಯಲ್ಪ ಭಾಗವನ್ನು ಮಾತ್ರ ಕರಗಿಸಿ, ಕಣ್ಣಿಗೆ ಕಾಣದ ಅಸಂಖ್ಯ ರಂಧ್ರಗಳನ್ನು ಮೂಡಿಸುತ್ತದೆ. ಇದರಿಂದ ಅಂಟಿಗೆ ದೊರೆಯುವ ಮೇಲ್ಮೈ ಹೆಚ್ಚುತ್ತದೆ ಮತ್ತು ದ್ರವ ರಾಳ ಎಲ್ಲೆಡೆ ಹರಡಿಕೊಳ್ಳುತ್ತದೆ.

ಈ ಫಲಿತಾಂಶಗಳು 1955ರಲ್ಲಿ ಜರ್ನಲ್ ಆಫ್ ಡೆಂಟಲ್ ರಿಸರ್ಚ್ ಪತ್ರಿಕೆಯಲ್ಲಿ ಪ್ರಕಟವಾದವು. ಆ ಕಿರುಲೇಖನವು ಮುಂದೆ ದಂತವಿಜ್ಞಾನದಲ್ಲಿ ಅತಿ ಹೆಚ್ಚು ಉಲ್ಲೇಖಗೊಂಡ ಬರಹಗಳಲ್ಲಿ ಒಂದಾಯಿತು. ಆದರೆ ಪ್ರಕಟವಾದ ಕಾಲದಲ್ಲಿ ಅದಕ್ಕೆ ದೊರೆತ ಗಮನ ಅತ್ಯಲ್ಪ. ಹುಳುಕು ಉಂಟಾಗುವುದೇ ಆಮ್ಲದಿಂದ. ಅಂಥದ್ದರಲ್ಲಿ ಆರೋಗ್ಯವಂತ ಹಲ್ಲಿಗೆ ದಂತವೈದ್ಯರೇ ಆಮ್ಲ ಹಚ್ಚುವುದು ಹಲವರಿಗೆ ಒಪ್ಪಿಗೆಯಾಗಲಿಲ್ಲ. ಅಂದು ಲಭ್ಯವಿದ್ದ ಅಕ್ರಿಲಿಕ್ ರಾಳದ ದೌರ್ಬಲ್ಯವೂ ಈ ಉದಾಸೀನಕ್ಕೆ ಕಾರಣವಾಗಿತ್ತು. ಅಂಟಿಸುವ ದಾರಿ ಸಿಕ್ಕಿದ್ದರೂ ಅಂಟಿಸಲು ಯೋಗ್ಯವಾದ ವಸ್ತು ಇನ್ನೂ ಸಿಕ್ಕಿರಲಿಲ್ಲ.

1956ರಲ್ಲಿ ಬ್ಯೂನೊಕೋರ್ ಮತ್ತು ಸಹೋದ್ಯೋಗಿಗಳು ಎನಾಮೆಲಿನ ಒಳಗಿನ ಪದರವಾದ ಡೆಂಟಿನ್‌ಗೆ ರಾಳವನ್ನು ಅಂಟಿಸುವ ಪ್ರಯತ್ನವನ್ನು ವರದಿ ಮಾಡಿದರು. ಡೆಂಟಿನ್ ತೇವಾಂಶದಿಂದ ಕೂಡಿದ, ಸೂಕ್ಷ್ಮ ನಾಳಗಳಿರುವ ಜೀವಂತ ಅಂಗಾಂಶ. ನೀರಿನ ಸಂಪರ್ಕದಲ್ಲಿ ಆ ಬಂಧ ದುರ್ಬಲವಾಗುತ್ತಿತ್ತು. ಡೆಂಟಿನ್ ಸಮಸ್ಯೆ ತೃಪ್ತಿಕರವಾಗಿ ಬಗೆಹರಿಯಲು ಮುಂದೆ ಹಲವು ದಶಕಗಳೇ ಬೇಕಾದವು.

ರಾಳದ ಬೇರುಗಳು

1962ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿದ್ದ ರಾಫೆಲ್ ಬೋವೆನ್ ಅವರು ಬಿಸ್-ಜಿಎಂಎ ಎಂಬ ಹೊಸ ರಾಳಕ್ಕೆ ಹಕ್ಕುಸ್ವಾಮ್ಯ ಪಡೆದರು. ಇದರ ಅಣುಗಳು ದೊಡ್ಡವಾಗಿದ್ದುದರಿಂದ ಕುಗ್ಗುವಿಕೆ ಕಡಿಮೆಯಾಗಿತ್ತು. ಪ್ರತಿ ಅಣುವಿನ ಎರಡೂ ತುದಿಗಳಲ್ಲಿ ಕೊಂಡಿಗಳಿದ್ದುದರಿಂದ ಗಟ್ಟಿಯಾದಾಗ ಸರಪಳಿಯ ಬದಲು ಬಲೆಯಂತಹ ಹೆಣಿಗೆ ಏರ್ಪಡುತ್ತಿತ್ತು. ಬ್ಯೂನೊಕೋರ್ ಅವರ ವಿಧಾನಕ್ಕೆ ತಕ್ಕ ವಸ್ತು ಈ ರೀತಿ ಬೇರೊಂದು ಪ್ರಯೋಗಾಲಯದಿಂದ ಬಂತು.

1960ರ ದಶಕದ ಕೊನೆಯಲ್ಲಿ ಬ್ಯೂನೊಕೋರ್ ಅವರು ಎ. ಜೆ. ಗ್ವಿನೆಟ್ ಮತ್ತು ಎ. ಮಾಟ್ಸುಯಿ ಅವರೊಡನೆ ಸೂಕ್ಷ್ಮದರ್ಶಕದ ಮೂಲಕ ಆಮ್ಲ ಸಂಸ್ಕರಿತ ಎನಾಮೆಲನ್ನು ಅಧ್ಯಯನ ಮಾಡಿದರು. ದ್ರವ ರಾಳವು ಎನಾಮೆಲಿನ ಸೂಕ್ಷ್ಮ ರಂಧ್ರಗಳೊಳಗೆ ಇಳಿದು ಅಲ್ಲೇ ಗಟ್ಟಿಯಾಗಿ, ಮೈಕ್ರೋಮೀಟರ್‌ಗಳ ಅಳತೆಯ ಬೆರಳುಗಳಂತೆ ಚಾಚಿಕೊಂಡಿರುವುದು ಸ್ಪಷ್ಟವಾಯಿತು. ಅಂಟುವಿಕೆಗೆ ಮುಖ್ಯ ಕಾರಣ ಈ ಬೇರುಗಳೇ ಎಂಬುದು ತಿಳಿಯಿತು. ಆಮ್ಲದ ಪ್ರಬಲತೆಯನ್ನು ಕಡಿಮೆ ಮಾಡಿದರೂ ಒಳ್ಳೆಯ ಬಂಧ ದೊರೆಯುತ್ತದೆಂಬುದು ನಂತರದ ಅಧ್ಯಯನಗಳಿಂದ ಸಿದ್ಧವಾಯಿತು. ಇಂದು ಸಾಮಾನ್ಯವಾಗಿ ಶೇಕಡ 37ರ ಆಸುಪಾಸಿನ ಫಾಸ್ಫಾರಿಕ್ ಆಮ್ಲ ಬಳಕೆಯಲ್ಲಿದೆ.

ಸೀಳುಗಳ ಮುಚ್ಚುವಿಕೆ

ದವಡೆ ಹಲ್ಲಿನ ಅಗಿಯುವ ಮೇಲ್ಮೈಯಲ್ಲಿರುವ ಸೀಳುಗಳು ಹಲವೆಡೆ ಹಲ್ಲುಜ್ಜುವ ಬ್ರಷ್ಷಿನ ಎಳೆಗಿಂತಲೂ ಕಿರಿದಾಗಿರುತ್ತವೆ. ಆದ್ದರಿಂದ ಎಷ್ಟೇ ಶ್ರದ್ಧೆಯಿಂದ ಉಜ್ಜಿದರೂ ಅಲ್ಲಿ ಸಿಕ್ಕಿಕೊಂಡ ಆಹಾರ ಮತ್ತು ಸೂಕ್ಷ್ಮಜೀವಿಗಳು ಹೊರಬರುವುದಿಲ್ಲ. 1945ರಲ್ಲಿ ಮಿಷಿಗನ್ ರಾಜ್ಯದ ಗ್ರ್ಯಾಂಡ್ ರ‍್ಯಾಪಿಡ್ಸ್ ನಗರದಲ್ಲಿ ಕುಡಿಯುವ ನೀರಿಗೆ ಫ್ಲೋರೈಡ್ ಬೆರೆಸುವ ಕ್ರಮ ಆರಂಭವಾದ ನಂತರ ಹುಳುಕಿನ ಪ್ರಮಾಣ ಕಡಿಮೆಯಾಯಿತು. ಆದರೆ ಫ್ಲೋರೈಡಿನ ರಕ್ಷಣೆ ನಯವಾದ ಮೇಲ್ಮೈಗಳಿಗೆ ಹೆಚ್ಚಾಗಿಯೂ ಸೀಳುಗಳಿಗೆ ಕಡಿಮೆಯಾಗಿಯೂ ದೊರೆಯುತ್ತದೆ. ಮಕ್ಕಳ ಖಾಯಂ ದವಡೆ ಹಲ್ಲುಗಳು ಬಾಯಿಗೆ ಬಂದ ಕೆಲವೇ ವರ್ಷಗಳಲ್ಲಿ ಹಾಳಾಗುತ್ತಿದ್ದುದು ಮುಖ್ಯವಾಗಿ ಇಲ್ಲಿಂದಲೇ.

ಆಮ್ಲ ಸಂಸ್ಕರಣೆಯಿಂದ ಈ ಸೀಳುಗಳನ್ನು ಕೊರೆಯದೆಯೇ ಮುಚ್ಚಬಹುದೆಂದು ಬ್ಯೂನೊಕೋರ್ ಗ್ರಹಿಸಿದರು. ಇ. ಐ. ಕ್ವೇಟೊ ಅವರೊಡನೆ ಸಯನೊಅಕ್ರಿಲೇಟ್ ಎಂಬ ಅಂಟುರಾಳವನ್ನು ಸೀಳುಗಳಿಗೆ ಲೇಪಿಸಿ ನಡೆಸಿದ ಅಧ್ಯಯನ 1967ರಲ್ಲಿ ಪ್ರಕಟವಾಯಿತು. ಒಂದು ವರ್ಷದ ಅವಧಿಯಲ್ಲಿ ಹುಳುಕು ಸುಮಾರು ಶೇಕಡ 86ರಷ್ಟು ಕಡಿಮೆಯಾಗಿತ್ತು. ಈ ಫಲಿತಾಂಶ ಭರವಸೆ ಹುಟ್ಟಿಸಿದರೂ ಸಯನೊಅಕ್ರಿಲೇಟ್ ಬಾಯಿಯ ತೇವದಲ್ಲಿ ಕಾಲಕ್ರಮೇಣ ಶಿಥಿಲವಾಗುವ ಸ್ವಭಾವದ್ದಾಗಿತ್ತು. ಹೆಚ್ಚು ಬಾಳಿಕೆ ಬರುವ ಬಿಸ್-ಜಿಎಂಎ ರಾಳದತ್ತ ಬ್ಯೂನೊಕೋರ್ ತಿರುಗಿದರು.

ಬೆಳಕಿನಿಂದ ಪಾಲಿಮರೀಕರಣ: 1970

ಅಲ್ಲಿಯವರೆಗೆ ದಂತವೈದ್ಯರು ಬಳಸುತ್ತಿದ್ದ ರಾಳಗಳು ಎರಡು ಭಾಗಗಳಲ್ಲಿ ಬರುತ್ತಿದ್ದವು. ಒಂದರಲ್ಲಿ ಪೆರಾಕ್ಸೈಡ್, ಮತ್ತೊಂದರಲ್ಲಿ ಅಮೀನ್ ಇರುತ್ತಿತ್ತು. ಇವೆರಡನ್ನೂ ಕಲಸಿದ ಕ್ಷಣದಿಂದಲೇ ರಾಸಾಯನಿಕ ಕ್ರಿಯೆ ಆರಂಭವಾಗಿ ರಾಳ ಗಟ್ಟಿಯಾಗತೊಡಗುತ್ತಿತ್ತು. ಕಲಸುವಾಗ ಗಾಳಿಯ ಗುಳ್ಳೆಗಳು ಸೇರುತ್ತಿದ್ದವು. ಕಿರಿದಾದ ಸೀಳಿನೊಳಗೆ ಇಳಿಯುವ ಮೊದಲೇ ರಾಳ ಮಂದವಾಗುವ ಸಾಧ್ಯತೆಯೂ ಇತ್ತು. ಚಿಕ್ಕ ಮಗುವಿನ ಬಾಯಲ್ಲಿ, ಲಾಲಾರಸ ತಾಗದಂತೆ ಹಲ್ಲನ್ನು ಒಣಗಿಸಿಟ್ಟು ಮಾಡುವ ಕೆಲಸಕ್ಕೆ ಈ ಅವಸರ ತೊಡಕಾಗಿತ್ತು.

ಬ್ಯೂನೊಕೋರ್ ಬಳಸಿದ ರಾಳದಲ್ಲಿ ಬಿಸ್-ಜಿಎಂಎ ತೆಳುವಾಗಲೆಂದು ಮೀಥೈಲ್ ಮೆಥಾಕ್ರಿಲೇಟ್ ಬೆರೆತಿತ್ತು. ಅದರೊಡನೆ ಬೆಂಜಾಯಿನ್ ಮೀಥೈಲ್ ಈಥರ್ ಎಂಬ ಬೆಳಕುಗ್ರಾಹಿ ವಸ್ತು ಅಲ್ಪ ಪ್ರಮಾಣದಲ್ಲಿತ್ತು. ಅತಿನೇರಳೆ ಕಿರಣ ತಗಲಿದಾಗ ಈ ವಸ್ತುವಿನ ಅಣು ಒಡೆದು ಎರಡು ಮುಕ್ತ ರ‍್ಯಾಡಿಕಲ್‌ಗಳಾಗುತ್ತದೆ. ಒಂಟಿ ಇಲೆಕ್ಟ್ರಾನ್ ಹೊಂದಿರುವ ಈ ತುಣುಕುಗಳು ಹತ್ತಿರದ ಮಾನೊಮರ್ ಅಣುವಿನ ಜೋಡಿಬಂಧವನ್ನು ತೆರೆದು ಅದರೊಡನೆ ಸೇರುತ್ತವೆ. ಆ ಅಣು ಮತ್ತೊಂದನ್ನು, ಅದು ಇನ್ನೊಂದನ್ನು ಸೇರಿಸಿಕೊಳ್ಳುತ್ತ ಸರಪಳಿ ಬೆಳೆಯುತ್ತದೆ. ಬೆಳಕು ಬೀಳುವವರೆಗೂ ರಾಳ ದ್ರವವಾಗಿಯೇ ಉಳಿಯುತ್ತದೆ, ದೀಪ ಹಿಡಿದ ಮೇಲೆ ಸೆಕೆಂಡುಗಳ ಲೆಕ್ಕದಲ್ಲಿ ಗಟ್ಟಿಯಾಗುತ್ತದೆ. ಗಟ್ಟಿಯಾಗುವ ಸಮಯವನ್ನು ನಿರ್ಧರಿಸುವ ಅಧಿಕಾರ ಹೀಗೆ ವಸ್ತುವಿನಿಂದ ವೈದ್ಯರ ಕೈಗೆ ಬಂತು. ರಾಳವು ಎನಾಮೆಲಿನ ರಂಧ್ರಗಳೊಳಗೆ ಪೂರ್ತಿ ಇಳಿಯಲು ಕಾಲಾವಕಾಶ ಸಿಕ್ಕಿದ್ದರಿಂದ ಬೆಳಕಿನ ವಿಧಾನವು ಆಮ್ಲ ಸಂಸ್ಕರಣೆಗೂ ಪೂರಕವಾಯಿತು.

ಮಕ್ಕಳ ಬಾಯಿಯ ಒಂದು ಪಾರ್ಶ್ವದ ಹಲ್ಲುಗಳಿಗೆ ಲೇಪ ಹಚ್ಚಿ, ಇನ್ನೊಂದು ಪಾರ್ಶ್ವದ ಅದೇ ಬಗೆಯ ಹಲ್ಲುಗಳನ್ನು ಹೋಲಿಕೆಗಾಗಿ ಹಾಗೆಯೇ ಬಿಟ್ಟು ಅಧ್ಯಯನ ನಡೆಸಲಾಯಿತು. ಒಂದು ವರ್ಷದ ಫಲಿತಾಂಶಗಳು 1970ರಲ್ಲಿಯೂ ಎರಡು ವರ್ಷಗಳ ಫಲಿತಾಂಶಗಳು 1971ರಲ್ಲಿಯೂ ಅಮೆರಿಕನ್ ದಂತವೈದ್ಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾದವು. ಒಮ್ಮೆ ಮಾತ್ರ ಲೇಪಿಸಿದ್ದ ಖಾಯಂ ಹಲ್ಲುಗಳಲ್ಲಿ ಎರಡು ವರ್ಷಗಳ ನಂತರ ಹುಳುಕು ಶೇಕಡ 99ರಷ್ಟು ಕಡಿಮೆಯಾಗಿತ್ತು. ಈ ಬಗೆಯ ರಾಳ ನುವಾ-ಸೀಲ್ ಎಂಬ ಹೆಸರಿನಲ್ಲಿ 1970ರ ದಶಕದ ಆರಂಭದಲ್ಲಿ ಮಾರುಕಟ್ಟೆಗೆ ಬಂತು.

ವಿಧಾನದ ಮಿತಿಗಳು

ಅತಿನೇರಳೆ ಬೆಳಕಿಗೆ ತನ್ನದೇ ಆದ ತೊಡಕುಗಳಿದ್ದವು. ಈ ಕಿರಣಗಳು ರಾಳದೊಳಗೆ ಆಳವಾಗಿ ಇಳಿಯುವುದಿಲ್ಲ. ತೆಳುವಾದ ಲೇಪಕ್ಕೆ ಇದರಿಂದ ಬಾಧಕವಿರಲಿಲ್ಲ. ಆದರೆ ಆಳವಾದ ಕುಳಿಯನ್ನು ತುಂಬಿದಾಗ ಮೇಲ್ಭಾಗ ಗಟ್ಟಿಯಾಗಿ ತಳಭಾಗ ಮೆತ್ತಗೆ ಉಳಿಯುವ ಸಂಭವವಿತ್ತು. ದೀಪವನ್ನು ಬಳಸುವ ಮೊದಲು ಕೆಲವು ನಿಮಿಷ ಹೊತ್ತಿಸಿಡಬೇಕಾಗಿತ್ತು. ಹಳತಾದಂತೆ ಅದರ ಕಿರಣಗಳ ತೀವ್ರತೆ ಕಣ್ಣಿಗೆ ತಿಳಿಯದಂತೆಯೇ ಕುಂದುತ್ತಿತ್ತು. ರೋಗಿಯ ಮತ್ತು ವೈದ್ಯರ ಕಣ್ಣು ಹಾಗೂ ಚರ್ಮದ ಸುರಕ್ಷತೆಯ ಪ್ರಶ್ನೆಯೂ ಎದ್ದಿತು.

ಈ ಕಾರಣಗಳಿಂದ ಸಂಶೋಧಕರು ಕಣ್ಣಿಗೆ ಕಾಣುವ ನೀಲಿ ಬೆಳಕಿನತ್ತ ಹೊರಳಿದರು. ಬ್ರಿಟನ್ನಿನಲ್ಲಿ ನಡೆದ ಕೆಲಸದ ಫಲವಾಗಿ 1970ರ ದಶಕದ ಕೊನೆಯ ವೇಳೆಗೆ ಇಂತಹ ರಾಳಗಳು ಬಳಕೆಗೆ ಬಂದವು. ಇವುಗಳಲ್ಲಿ ಕ್ಯಾಂಫರ್‌ಕ್ವಿನೋನ್ ಎಂಬ ಹಳದಿ ವಸ್ತು ಸುಮಾರು 468 ನ್ಯಾನೊಮೀಟರ್ ತರಂಗಾಂತರದ ಬೆಳಕನ್ನು ಹೀರಿ, ಅಮೀನ್‌ನೊಡನೆ ಸೇರಿ ರ‍್ಯಾಡಿಕಲ್‌ಗಳನ್ನು ಉಂಟುಮಾಡುತ್ತದೆ. ನೀಲಿ ಬೆಳಕು ಹೆಚ್ಚು ಆಳಕ್ಕೆ ಇಳಿಯುತ್ತದಾದರೂ ಸಾಮಾನ್ಯವಾಗಿ ರಾಳವನ್ನು ಸುಮಾರು 2 ಮಿಲಿಮೀಟರ್ ದಪ್ಪದ ಪದರಗಳಾಗಿ ತುಂಬಿ ಒಂದೊಂದನ್ನೂ ಬೇರೆ ಬೇರೆಯಾಗಿ ಗಟ್ಟಿಗೊಳಿಸುವುದು ರೂಢಿಯಾಯಿತು. ಹ್ಯಾಲೊಜನ್ ದೀಪಗಳ ಸ್ಥಾನದಲ್ಲಿ ಈಗ ಎಲ್‌ಇಡಿ ದೀಪಗಳಿವೆ.

ದೀಪ ಬದಲಾದರೂ ಮೂಲ ಸಮಸ್ಯೆಗಳು ಉಳಿದಿವೆ. ಬೆಳಕು ಸಾಲದಿದ್ದರೆ ಮಾನೊಮರ್ ಅಣುಗಳು ಹೆಚ್ಚಾಗಿ ಬಿಡಿಯಾಗಿ ಉಳಿದು ತುಂಬುವಿಕೆ ಬೇಗ ಸವೆಯುತ್ತದೆ. ತೀವ್ರ ಬೆಳಕಿನಿಂದ ಕ್ರಿಯೆ ಅತಿ ವೇಗವಾಗಿ ನಡೆದರೆ, ಕುಗ್ಗುವಿಕೆಯ ಒತ್ತಡವನ್ನು ಸಡಿಲಿಸಿಕೊಳ್ಳಲು ರಾಳಕ್ಕೆ ಸಮಯ ಸಿಗದೆ ಅಂಚುಗಳಲ್ಲಿ ಸೆಳೆತ ಉಂಟಾಗುತ್ತದೆ. ಆದ್ದರಿಂದಲೇ ಮೊದಲು ಮಂದ ಬೆಳಕು, ಅನಂತರ ತೀವ್ರ ಬೆಳಕು ನೀಡುವ ಕ್ರಮಗಳು ಬಂದಿವೆ. ಈ ಸೆಳೆತವನ್ನು ತಡೆದು ರಾಳವನ್ನು ಅಂಚಿನಲ್ಲಿ ಹಿಡಿದಿಡುವುದು ಆಮ್ಲ ಸಂಸ್ಕರಿತ ಎನಾಮೆಲಿನ ಬಂಧವೇ. ಬೆಳಕು ರಾಳವನ್ನು ಗಟ್ಟಿ ಮಾಡಬಲ್ಲದೇ ಹೊರತು ಹಲ್ಲಿಗೆ ಹಿಡಿಸಲಾರದು. ಬ್ಯೂನೊಕೋರ್ ಅವರ 1955ರ ಮತ್ತು 1970ರ ಕೆಲಸಗಳು ಒಂದನ್ನೊಂದು ಆಶ್ರಯಿಸಿರುವುದು ಈ ಅರ್ಥದಲ್ಲಿ.

ಕೊನೆಯ ವರ್ಷಗಳು

1970ರ ದಶಕದಲ್ಲಿ ಆಮ್ಲ ಸಂಸ್ಕರಣೆ ವ್ಯಾಪಕವಾಗಿ ಸ್ವೀಕೃತವಾಯಿತು. ಮುರಿದ ಮುಂಭಾಗದ ಹಲ್ಲುಗಳನ್ನು ಕಿರೀಟವಿಲ್ಲದೆ ಸರಿಪಡಿಸುವುದು ಸಾಧ್ಯವಾಯಿತು. ವಕ್ರದಂತ ಚಿಕಿತ್ಸೆಯಲ್ಲಿ ಪ್ರತಿ ಹಲ್ಲಿಗೂ ಲೋಹದ ಪಟ್ಟಿ ತೊಡಿಸುವ ಬದಲು ಚಿಕ್ಕ ಬ್ರಾಕೆಟ್‌ಗಳನ್ನು ನೇರವಾಗಿ ಅಂಟಿಸುವ ಪದ್ಧತಿ ಬೆಳೆಯಿತು. ಅಂಟುವಸ್ತುಗಳ ಬಳಕೆಯನ್ನು ಕುರಿತು ಬ್ಯೂನೊಕೋರ್ ಬರೆದ ಗ್ರಂಥ 1975ರಲ್ಲಿ ಪ್ರಕಟವಾಯಿತು. ಆದರೆ ಸೀಳುಗಳನ್ನು ಮುಚ್ಚುವ ಲೇಪಕ್ಕೆ ಇದೇ ವೇಗದ ಸ್ವಾಗತ ದೊರೆಯಲಿಲ್ಲ. ಲೇಪದ ಕೆಳಗೆ ಗಮನಕ್ಕೆ ಬಾರದ ಹುಳುಕು ಉಳಿದು ಬೆಳೆಯಬಹುದೆಂಬ ಭಯ ವೈದ್ಯರಲ್ಲಿತ್ತು.

ಬ್ಯೂನೊಕೋರ್ 1981ರಲ್ಲಿ ನಿಧನರಾದರು. 1983ರ ಡಿಸೆಂಬರ್‌ನಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಕರೆದ ತಜ್ಞರ ಸಮಾವೇಶವು, ಸೀಳುಲೇಪ ಸುರಕ್ಷಿತವೂ ಪರಿಣಾಮಕಾರಿಯೂ ಆಗಿದ್ದು ಅದರ ಬಳಕೆ ಇನ್ನೂ ಹೆಚ್ಚಬೇಕೆಂಬ ತೀರ್ಮಾನಕ್ಕೆ ಬಂತು. ಇದನ್ನು ಕಾಣಲು ಅವರು ಇರಲಿಲ್ಲ.

ಪರಂಪರೆ

ಬ್ಯೂನೊಕೋರ್ ಅವರ ಹೆಸರಿನಲ್ಲಿ ಅಮೆರಿಕದ ಅಕಾಡೆಮಿ ಆಫ್ ಆಪರೇಟಿವ್ ಡೆಂಟಿಸ್ಟ್ರಿ ಸಂಸ್ಥೆಯು ಸ್ಮಾರಕ ಉಪನ್ಯಾಸ ಮಾಲೆಯನ್ನು ನಡೆಸುತ್ತದೆ. ಕುಳಿಯ ಆಕಾರವನ್ನು ತುಂಬುವ ವಸ್ತುವಿನ ಅಗತ್ಯಕ್ಕೆ ತಕ್ಕಂತೆ ಕೊರೆಯುತ್ತಿದ್ದ ಕಾಲ ಹೋಗಿ, ಕೆಟ್ಟ ಭಾಗವನ್ನಷ್ಟೇ ತೆಗೆದು ಉಳಿದುದನ್ನು ಕಾಪಾಡುವ ಕಾಲ ಬಂದುದರಲ್ಲಿ ಅವರ ಪಾತ್ರ ದೊಡ್ಡದು. ಅವರು ವಿವರಿಸಿದ ಆಮ್ಲ ಸಂಸ್ಕರಣೆಯ ಕ್ರಮ, ಅಂದರೆ ಆಮ್ಲ ಹಚ್ಚಿ, ತೊಳೆದು, ಒಣಗಿಸಿ, ರಾಳ ಲೇಪಿಸುವ ಹಂತಗಳು, ಎನಾಮೆಲಿನ ಮಟ್ಟಿಗೆ ಇಂದಿಗೂ ಮೂಲರೂಪದಲ್ಲೇ ಉಳಿದಿವೆ. ಶಾಲಾ ವಯಸ್ಸಿನ ಮಕ್ಕಳ ದವಡೆ ಹಲ್ಲುಗಳಿಗೆ ಸೀಳುಲೇಪ ಹಚ್ಚುವ ಕಾರ್ಯಕ್ರಮಗಳು ಅನೇಕ ದೇಶಗಳಲ್ಲಿ ನಡೆಯುತ್ತಿವೆ.